ಏಣಿನ ಮೇಲೆ ಕಟ್ಟಿದ ಬಾಯಿಗಳು

"ಮೇಲೆ ಮರಕ್ಕೆ ಕಟ್ಟಿದ ಬಟ್ಟೆ ಚೂರುಗಳು ಸಿಗ್ತವೆ. ಅವನ್ನ ಮಾತ್ರ ಮುಟ್ಟಬೇಡಿ," ಎಂದಳು ಕೋಚ್.

ಆಕೆ ಈಜು ಕಲಿಸುವವಳು. ರಜೆಯ ದಿನಗಳಲ್ಲಿ ಈ ಚಾರಣ ತಂಡದ ಮುಂದಾಳು. ಹತ್ತಿದ ಬೆಟ್ಟದಿಂದ ಕಸ ಆಯ್ದುಕೊಂಡೇ ಇಳಿಯಬೇಕೆಂಬುದು ತಂಡದ ಹಠ. ದಾರಿ ಕವಲೊಡೆಯುವ ಕಡೆಯೆಲ್ಲ ಆಕೆ ಕೊಂಬೆಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟುತ್ತ ಮುಂದೆ ಹೋಗುತ್ತಾಳೆ. ಸಾಲಿನ ಕೊನೆಯವನು ಅದನ್ನು ಬಿಚ್ಚುತ್ತ, ಸಿಕ್ಕ ಬಾಟಲಿ, ಚಿಂದಿ, ಪ್ಲಾಸ್ಟಿಕ್ಕನ್ನೆಲ್ಲ ಚೀಲಕ್ಕೆ ತುಂಬುತ್ತ ಬರುತ್ತಾನೆ. ಇವತ್ತು ಕೊನೆಯ ಜಾಗ ಹೊಸಬನದು.

ಹೊಸಬನಿಗೆ ವ್ಯಾನಿನಲ್ಲೇ 'ಕಿವಿ ಡಾಕ್ಟ್ರು' ಎಂಬ ಹೆಸರು ಬಿದ್ದಿತ್ತು. ಅವನು ಡಾಕ್ಟರಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ, ಗೋಡೆಗೆಲ್ಲ ಸ್ಪಂಜು ಹೊದಿಸಿದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಜನರ ಕಿವಿ ಪರೀಕ್ಷಿಸುವುದು ಅವನ ಕೆಲಸ. ಕೇಳಿಸಿತು ಎಂದು ಸುಳ್ಳು ಹೇಳುವವರನ್ನೂ ಕೇಳಿಸಲಿಲ್ಲ ಎಂದು ನಟಿಸುವವರನ್ನೂ ದಿನವಿಡೀ ನೋಡಿ, ಅವನಿಗೆ ಯಾರ ಮಾತಿನ ಮೇಲೂ ನಂಬಿಕೆ ಉಳಿದಿರಲಿಲ್ಲ.

ಯಾಕೆ ಮುಟ್ಟಬಾರದು ಎಂದು ಅವನು ಕೇಳಿದ. ಹಿಂದೆ ಬೆಟ್ಟದ ಬೆನ್ನಿನಂಥ ಈ ಏಣಿನ ಮೇಲೆ ಮಾಟದವನೊಬ್ಬ ಇದ್ದನಂತೆ. ಆಗದವರ ಬಾಯಿ ಕಟ್ಟಿಸಲು ಜನ ಅವನನ್ನು ಹುಡುಕಿಕೊಂಡು ಹತ್ತುತ್ತಿದ್ದರಂತೆ. ಸಾಕ್ಷಿ ಹೇಳಲು ಹೊರಟವನು, ಆಸ್ತಿ ಕೇಳಿದ ತಂಗಿ, ಮನೆಯ ಗುಟ್ಟು ತಿಳಿದಿದ್ದ ಸೊಸೆ. ಅವರ ಬಟ್ಟೆಯ ಚೂರು ಕೊಟ್ಟು ಹೆಸರು ಹೇಳಿದರೆ ಸಾಕು. ಅವನು ಗಂಟು ಹಾಕುತ್ತಿದ್ದ. ಅವರು ಸಾಯುವ ತನಕ ಮತ್ತೆ ತುಟಿ ಬಿಚ್ಚುತ್ತಿರಲಿಲ್ಲ.

"ಜನ ಸತ್ತರು. ಧ್ವನಿ ಅಲ್ಲೇ ಇದೆ, ಗಂಟಿನೊಳಗೆ," ಎಂದಳು ಕೋಚ್.

"ಶೂ ಲೇಸ್ ಬಿಚ್ಚಬಹುದಲ್ಲ ಮೇಡಂ? ಒಂದ್ಸಲ ಕೇಳ್ಕೊಂಡ್ರೆ ವಾಸಿ," ಎಂದ ಹೊಸಬ.

ತಂಡದಲ್ಲಿದ್ದ ಬ್ಯಾಂಕಿನ ದಂಪತಿ ನೆಲ ನೋಡಿದರು. ಕೋಚ್ ಮುಖ ತಿರುಗಿಸಿ ನಡೆದಳು. ಆದರೆ ಹೊಸಬನ ಮಗಳು ಕಿಸಕ್ಕನೆ ನಕ್ಕಳು.

ಆ ನಗುವಿಗಾಗಿಯೇ ಅವನು ಬಂದಿದ್ದ. ಮಗಳು ಈ ತಂಡದವಳು. ಎಲ್ಲರ ಬಾಯಲ್ಲಿ ಅವಳು 'ಗುಬ್ಬಿ'. ಅವನೂ ಹೆಂಡತಿಯೂ ಬೇರೆಯಾದ ಮೇಲೆ ತಾಯಿಯ ಜೊತೆ ಉಳಿದವಳು ಅವನ ಫೋನು ಎತ್ತುವುದನ್ನೇ ನಿಲ್ಲಿಸಿದ್ದಳು. ಮುಂದಿನ ತಿಂಗಳು ಕಾಲೇಜು ಶುರು. ಕಾಲೇಜು ಅವನ ಮನೆಯ ಬೀದಿಯ ತುದಿಯಲ್ಲೇ. ನನ್ನ ಜೊತೆ ಬಂದು ಇರುತ್ತೀಯಾ ಎಂದು ಕೇಳಬೇಕಿತ್ತು. ಆ ಒಂದು ವಾಕ್ಯವನ್ನು ಬಾಯಲ್ಲಿಟ್ಟುಕೊಂಡು, ಇಷ್ಟವಿಲ್ಲದ ಬೆಟ್ಟಕ್ಕೆ, ಕಾಲಿಗೆ ಕಚ್ಚುವ ಹೊಸ ಬೂಟು ಹಾಕಿಕೊಂಡು ಬಂದಿದ್ದ.

ಏಣು ಕತ್ತಿಯ ಬಾಯಿಯಂತಿತ್ತು. ಎರಡೂ ಮಗ್ಗುಲಲ್ಲಿ ಜಾರು, ಜಾರಿನ ಮೇಲೆ ಜರಿಗಿಡದ ಹೊದಿಕೆ. ಹೆಜ್ಜೆ ತಪ್ಪಿದರೆ ಎಲ್ಲಿ ಹೋಗಿ ನಿಲ್ಲುತ್ತೇವೆಂದು ತಿಳಿಯದಂತೆ ಆ ಹಸಿರು ಎಲ್ಲವನ್ನೂ ಮುಚ್ಚಿತ್ತು. ಮುಳ್ಳುಬಳ್ಳಿ ತೋಳನ್ನು ಹಿಡಿದು ಹಿಂದಕ್ಕೆಳೆಯುತ್ತಿತ್ತು. ಆಧಾರಕ್ಕೆ ಹಿಡಿದ ಕೊಂಬೆ ಕೊಳೆತ ಹಣ್ಣಿನಂತೆ ಕೈಯಲ್ಲೇ ಹಿಸುಕಿಹೋಗುತ್ತಿತ್ತು. ಕಾಲ್ಚೀಲದೊಳಗೆ ಜಿಗಣೆ. ಕೈಯಳತೆಯಲ್ಲಿರುವ ಮುಂದಿನವರ ಬೆನ್ನು ಕೂಡ ಎಲೆಗಳ ಹಿಂದೆ ಮಾಯ. ಅದಕ್ಕೇ ಕೋಚ್ ಆಗಾಗ "ಓ" ಎಂದು ಕೂಗುತ್ತಿದ್ದಳು. ಬ್ಯಾಂಕಿನವನು, ಅವನ ಹೆಂಡತಿ, ಮಗಳು, ಕೊನೆಗೆ ಅವನು, ಸಾಲಾಗಿ ಒಬ್ಬೊಬ್ಬರೇ "ಬಂದೆ" ಎನ್ನಬೇಕು. ಉತ್ತರ ಬಾರದಿದ್ದರೆ ಇಡೀ ಸಾಲು ನಿಲ್ಲಬೇಕು.

ಮೊದಲ ಚಿಂದಿ ಒಂದು ಗಿಡ್ಡ ಮರದ ಕವಲಿನಲ್ಲಿತ್ತು. ಬಣ್ಣ ಹೋಗಿ ಪಾಚಿ ಹಿಡಿದಿತ್ತು. ಗಂಟು ಮಾತ್ರ ಈಗಷ್ಟೇ ಬಿಗಿದಂತಿತ್ತು. ಮಗಳು ನಿಂತು ನೋಡಿದಳು.

"ಕಸ ಕಸಾನೇ ಅಲ್ವಾ ಅಪ್ಪಾ?"

ಅಪ್ಪಾ ಎಂದಿದ್ದಳು. ಅವನು ಉಗುರು ಹಾಕಿ ಗಂಟು ಸಡಿಲಿಸಿದ. ಅದು ಬಿಚ್ಚಿಕೊಂಡಾಗ, ಬಹಳ ದಿನ ತೊಳೆಯದ ಬಾಯಿಯ ಉಸಿರಿನಂಥ ವಾಸನೆ ಮುಖಕ್ಕೆ ಬಡಿಯಿತು. ಕೊಳೆತ ಹತ್ತಿ ಎಂದುಕೊಂಡ. ಅಲ್ಲಿಂದ ಮುಂದೆ ಮರಮರದಲ್ಲೂ ಚಿಂದಿಗಳಿದ್ದವು. ಅವನು ಬಿಚ್ಚಿದ, ಮಗಳು ಚೀಲದ ಬಾಯಿ ಹಿಡಿದು ನಿಂತಳು. ಪ್ರತಿ ಗಂಟಿಗೂ ಒಂದು ತಮಾಷೆ ಮಾಡಿದ. ಇದು ಯಾವುದೋ ಅತ್ತೆಯದು, ಸೊಸೆ ಇನ್ನು ಮನೆ ಬಿಟ್ಟು ಓಡಬೇಕು ಎಂದ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಏದುಸಿರು ಬಿಡುವುದನ್ನು ಕಂಡು ಚೀಲವನ್ನು ತಾನೇ ಬೆನ್ನಿಗೇರಿಸಿಕೊಂಡಳು. ಎಷ್ಟೋ ತಿಂಗಳ ಮೇಲೆ ಅವನ ಎದೆ ಹಗುರಾಗಿತ್ತು. ಇಳಿಯುವಾಗ ಕೇಳಿಬಿಡೋಣ ಎಂದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಕಣಿವೆಯಿಂದ ಮಂಜು ಎದ್ದಿತು. ಹಕ್ಕಿಗಳು ಸುಮ್ಮನಾದವು.

"ಓ."

ಸಾಲಿನ ಉತ್ತರಗಳು ಬಂದವು. ಅವನು "ಬಂದೆ" ಎಂದ. ಅವನ ಹಿಂದಿನಿಂದ ಇನ್ನೊಂದು ಬಂತು. "ಬಂದೆ."

ಪ್ರತಿಧ್ವನಿ. ಆದರೆ ಪ್ರತಿಧ್ವನಿಗೆ ಎದುರಿಗೊಂದು ಬೋಳುಬಂಡೆ ಬೇಕು. ಇಲ್ಲಿ ಇದ್ದದ್ದೆಲ್ಲ ಎಲೆ, ಪಾಚಿ, ಮಂಜು. ಅವನ ಕೋಣೆಯ ಸ್ಪಂಜಿನ ಗೋಡೆಯಂತೆ ಸದ್ದನ್ನು ನುಂಗುವಂಥವು. ಅವನು ತಿರುಗಿ ನೋಡಿದ. ತುಳಿದು ಬಂದ ಜರಿಗಿಡಗಳು ನಿಧಾನವಾಗಿ ತಲೆ ಎತ್ತುತ್ತಿದ್ದವು.

"ಓ."

ಈ ಸಲ ಅವನು ಬಾಯಿ ತೆರೆಯುವ ಮೊದಲೇ ಬಂತು. ಒಡಕು ದನಿ, ಹೆಂಗಸಿನದು. ಕಿವಿಯ ಬಳಿಯೇ. ಮೂಲಕ್ಕಿಂತ ಮುಂಚೆ ಬರುವ ಪ್ರತಿಧ್ವನಿ ಯಾವ ಪುಸ್ತಕದಲ್ಲೂ ಇಲ್ಲ. ಬಲಗಡೆಯ ಜಾರಿನಿಂದ ಇನ್ನೊಂದು. ಎಡಕ್ಕೆ ಮತ್ತೊಂದು. ಮುದುಕರವು, ಎಳೆಯರವು. ಬಂದೆ, ಬಂದೆ, ಬಂದೆ. ಆ ವಾಸನೆ ದಟ್ಟವಾಯಿತು. ಧ್ವನಿಗಳು ಅವನನ್ನು ದಾಟಿ ಮುಂದಕ್ಕೆ ಹೋದವು. ಚೀಲ ಇದ್ದ ಕಡೆಗೆ.

ಮುಂದೆ ಕೋಚ್ ಗದರಿದಳು, ತಮಾಷೆ ಸಾಕು ಎಂದು. ಮತ್ತೆ "ಓ" ಎಂದಳು. ಬ್ಯಾಂಕಿನವನು ಉತ್ತರಿಸಿದ. ಅವನ ಹೆಂಡತಿ ಉತ್ತರಿಸಿದಳು. ಮಗಳ ಸರದಿಗೆ ಒಬ್ಬ ಗಂಡಸು ಮಾತಾಡಿದ.

"ನಾನು ನೋಡಿದೀನಿ. ನಾನೇ ಕಣ್ಣಾರೆ ನೋಡಿದೀನಿ."

ಅವನು ಎಲೆಗಳನ್ನು ಸೀಳಿಕೊಂಡು ನುಗ್ಗಿದ. ಮಗಳು ಏಣಿನ ತುದಿಯಲ್ಲಿ ನಿಂತಿದ್ದಳು. ಬಾಯಿ ತೆರೆದಿತ್ತು. ದವಡೆ ಇನ್ನಷ್ಟು ಇಳಿಯಲಾರದಷ್ಟು ಇಳಿದಿತ್ತು. ತುಟಿಗಳು ಅಲುಗುತ್ತಿರಲಿಲ್ಲ. ಒಳಗಿನಿಂದ ಮಾತುಗಳು ಒಂದರ ಮೇಲೊಂದು ಬೀಳುತ್ತ ಹೊರಬರುತ್ತಿದ್ದವು. ಆ ಮನೆ ನನ್ನದು. ವಿಷ ಹಾಕಿದ್ದು ಅವನೇ. ನನ್ನ ಕೂಸು ಎಲ್ಲಿ, ನನ್ನ ಕೂಸು. ಎಷ್ಟು ಕಾಲದಿಂದ ತಡೆದಿಟ್ಟದ್ದೋ. ಒಂದು ನಿಂತರೆ ಇನ್ನೊಂದು. ನಡುವೆ ಉಸಿರಿಗೆ ಜಾಗವಿರಲಿಲ್ಲ.

ಉಸಿರಿಗೆ ಜಾಗವಿಲ್ಲ. ಅದು ಅವನಿಗೆ ಅರ್ಥವಾದಾಗ ಮಗಳ ತುಟಿ ನೀಲಿಯಾಗಿತ್ತು.

ಚೀಲ ಕಿತ್ತುಕೊಂಡ. ಚಿಂದಿ ಎಳೆದು ಕೊಂಬೆಗೆ ಸುತ್ತಿದ. ಗಂಟು ಹಾಕಲು ಹೋದರೆ ಅದು ಬೂದಿಯಂತೆ ಉದುರಿತು. ಇನ್ನೊಂದು. ಅದೂ ಉದುರಿತು. ಮಗಳು ಕುಸಿದಳು. ಕಣ್ಣು ಅವನನ್ನೇ ನೋಡುತ್ತಿತ್ತು.

ಕೋಚ್ ತೆವಳಿಕೊಂಡು ಬಂದಳು. ಉದುರಿದ ಚಿಂದಿ ಕಂಡಳು.

"ಅವಕ್ಕೆ ಬಾಯಿ ಬೇಕು ಡಾಕ್ಟ್ರೇ. ಸಿಕ್ಕಿದ್ದನ್ನ ಬಿಡಲ್ಲ."

"ನನ್ನದು ಇದೆಯಲ್ಲ."

"ಬಿಚ್ಚಿದವರು ನೀವು. ಕರೆದರೆ ಬರಬಹುದು." ಕೋಚ್ ತಡೆದು ಹೇಳಿದಳು. "ಮತ್ತೆ ಹೋಗಲ್ಲ."

ಅವನು ಮಗಳನ್ನು ಮಲಗಿಸಿದ. ಮುಳುಗಿದವರಿಗೆ ಉಸಿರು ಕೊಡುವಂತೆ ಅವಳ ಮೂಗು ಒತ್ತಿದ. ತನ್ನ ಬಾಯನ್ನು ಅವಳ ಬಾಯಿಗೆ ಮುಚ್ಚಿದ. ಬನ್ನಿ ಎಂದು ಮನಸ್ಸಿನಲ್ಲೇ ಕರೆದ. ಊದಲಿಲ್ಲ. ಎಳೆದುಕೊಂಡ.

ಬಂದವು. ತಣ್ಣಗೆ, ಪಾಚಿಯ ಹಾಗೆ ಲೋಳೆಯಾಗಿ. ನಾಲಿಗೆಯ ಮೇಲೆ ಹರಿದವು. ಗಂಟಲಲ್ಲಿ ತುಂಬಿದವು. ಕೆನ್ನೆ ಉಬ್ಬಿತು. ಕಿವಿಯೊಳಗಿನಿಂದ ಕೂಗಿದವು. ಇನ್ನೂ ಎಳೆದ. ಮತ್ತೂ ಎಳೆದ. ಕೊನೆಯದು ಒಂದು ಮಗುವಿನದು. ಅದು ಮಗಳ ಹಲ್ಲಿಗೆ ಜೋತುಬಿದ್ದು ಸ್ವಲ್ಪ ಹೊತ್ತು ಅತ್ತಿತು. ಆಮೇಲೆ ಅದೂ ಬಂತು.

ಅವನು ಹಲ್ಲು ಕಚ್ಚಿದ. ಕೋಚ್ ಕೈಯಿಂದ ಕಿತ್ತಳೆ ಪಟ್ಟಿ ಕಸಿದು ದವಡೆಯಿಂದ ನೆತ್ತಿಗೆ ಸುತ್ತಿದ. ಬಿಗಿದ. ಕೋಚ್ ಗಂಟು ಹಾಕಿದಳು. ಅವನ ಹೆಸರು ಹೇಳಿದಳು.

ಮಗಳು ಕೆಮ್ಮಿದಳು. ಉಸಿರೆಳೆದುಕೊಂಡಳು.

ಎಲ್ಲರೂ ಇಳಿಯತೊಡಗಿದರು. ಬಿದ್ದು ಪ್ರಜ್ಞೆ ತಪ್ಪಿತ್ತು, ನಿಮ್ಮಪ್ಪ ಉಸಿರು ಕೊಟ್ಟು ಬದುಕಿಸಿದರು, ಆ ಗಡಿಬಿಡಿಯಲ್ಲಿ ಅವರ ದವಡೆಗೆ ಪೆಟ್ಟಾಗಿದೆ ಎಂದು ಕೋಚ್ ಮಗಳಿಗೆ ಹೇಳಿದಳು. ಮಗಳಿಗೆ ಬೇರೇನೂ ನೆನಪಿರಲಿಲ್ಲ.

ವ್ಯಾನಿನಲ್ಲಿ ಅವಳು ಅವನ ಪಕ್ಕಕ್ಕೆ ಬಂದು ಕೂತಳು. ಬಟ್ಟೆಯಿಂದ ಮಣ್ಣಿನ, ಬೆವರಿನ ವಾಸನೆ ಬರುತ್ತಿತ್ತು. ಭುಜಕ್ಕೆ ತಲೆಯಾನಿಸಿದಳು. ಚಿಕ್ಕವಳಿದ್ದಾಗ ನಿದ್ರೆ ಬರುವ ಮುಂಚೆ ಮಾಡುತ್ತಿದ್ದಂತೆ ಅವನ ಹೆಬ್ಬೆರಳು ಹಿಡಿದುಕೊಂಡಳು.

"ಅಪ್ಪಾ, ಕಾಲೇಜು ಶುರುವಾದ ಮೇಲೆ ನಿನ್ನ ಜೊತೆಗೇ ಬಂದು ಇರ್ಲಾ?"

ನಾಲಿಗೆಯ ಕೆಳಗೆ ಅವು ಮಿಸುಕಿದವು. ದಾರಿಯುದ್ದಕ್ಕೂ ಎಲ್ಲರೂ ಅವಳನ್ನು ಕರೆದದ್ದನ್ನು ಕೇಳಿಸಿಕೊಂಡಿದ್ದವು. ಈಗ ಹಲ್ಲಿನ ಹಿಂದೆ ಸೇರಿ, ಮೆಲ್ಲಗೆ, ಗುಬ್ಬಿ, ಗುಬ್ಬಿ, ಎಂದು ಕಲಿಯುತ್ತಿದ್ದವು. ಕೋಚ್ ಹಾಕಿದ್ದು ಮಾಟದವನ ಗಂಟಲ್ಲ. ಎಚ್ಚರವಿದ್ದಷ್ಟು ಹೊತ್ತು ಅವನು ಹಲ್ಲು ಕಚ್ಚಿಕೊಂಡಿರಬಲ್ಲ. ಆದರೆ ಮನುಷ್ಯ ಮಲಗಬೇಕು. ನಿದ್ರೆಯಲ್ಲಿ ದವಡೆ ಸಡಿಲುತ್ತದೆ, ಅವು ಅವಳನ್ನು ಕೂಗುತ್ತವೆ. ಅವಳು ಪಕ್ಕದ ಕೋಣೆಯಲ್ಲಿರುತ್ತಾಳೆ.

"ಬೇಡ್ವಾ?"

ಅವನು ಅವಳನ್ನು ನೋಡದೆ, ಬೇಡವೆಂದು ತಲೆಯಾಡಿಸಿದ.

ಅವಳು ಹೆಬ್ಬೆರಳು ಬಿಟ್ಟು, ಎದ್ದು, ಮುಂದಿನ ಸೀಟಿಗೆ ಹೋಗಿ ಕೂತಳು.