ನೀರು ಸಹ ಮುಟ್ಟದವನು

"ಇಲ್ಲಿಗೆ ಎಂತಕ್ಕೆ ಬಂದದ್ದು?"

ಮಲ್ಪೆ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದ ಜಿತೇಶ್ ತಲೆ ಎತ್ತದೆ ಕೇಳಿದ. ಭವ್ಯಶ್ರೀ ಬೋಟಿನ ಪಕ್ಕಕ್ಕೆ ಬಂದು ನಿಂತಳು. ಅವನ ಜೊತೆ ನಿಶ್ಚಯವಾಗಿದ್ದ ಮದುವೆಯನ್ನು ಫೋನಿನಲ್ಲೇ ಮುರಿದವಳು ಅವಳು!

"ಕ್ಷಮೆ ಕೇಳಲಿಕ್ಕೆ..."

"ನಿನ್ನ ಅಕ್ಕನ ಮನೆಯಲ್ಲಿ ನೀರು ಸಹ ಮುಟ್ಟದವನ ಹತ್ತಿರವಾ?"

ಅಂದು ಫೋನಿನಲ್ಲಿ ಅವಳೇ ಆಡಿದ್ದ ಮಾತು ಅದು. ಅದನ್ನು ಅವಳ ಕಿವಿಗೆ ಹಾಕಿದವಳು ಅಕ್ಕ.

ಬೆಳ್ಮಣ್ಣಿನಲ್ಲಿದ್ದ ಆ ಅಕ್ಕ, ಕುಶಲಕ್ಕನನ್ನು ಮದುವೆಗೆ ಕರೆಯಲು ಜಿತೇಶ್ ಒಬ್ಬನೇ ಹೋಗಿದ್ದ. ಅವನು ಹೊರಟದ್ದೇ ತಡ, ಅಕ್ಕ ತಂಗಿಗೆ ಫೋನ್ ಮಾಡಿ ಅತ್ತಿದ್ದಳು. "ಬೆಲ್ಲ ನೀರು ಕೊಟ್ಟೆ, ನೀರು ಸಹ ಮುಟ್ಟಲಿಲ್ಲ ಮಾರಾಯ್ತಿ! ನಮ್ಮನ್ನು ಯಾರು ಮನುಷ್ಯರೆಂದು ಲೆಕ್ಕ ಹಾಕ್ತಾರೆ?"

ಮನೆಗೆ ಬಂದವರು ಕೊಟ್ಟ ನೀರನ್ನು ಮುಟ್ಟದಿದ್ದರೆ ಈ ಕಡೆ ಅದು ಸಣ್ಣ ಅವಮಾನವಲ್ಲ. ಅದೂ ಅಮ್ಮ ತೀರಿದ ಮೇಲೆ ತನ್ನನ್ನು ಸಾಕಿದ ಅಕ್ಕನಿಗೆ! ಅಳುವವರ ಮಾತು ಸುಳ್ಳಿರಲಿಕ್ಕಿಲ್ಲ ಎಂಬ ಅಂದಾಜು ನೋಡಿ ಈ ಹುಡುಗಿಯದ್ದು.

"ಈಗ ಎಂತ ಆಯಿತು?"

"ನಿನ್ನೆ ಅಕ್ಕನ ಮನೆಗೆ ಹೋಗಿದ್ದೆ. ಬೆಲ್ಲ ನೀರು ಕೊಟ್ಟಳು, ಕುಡಿದೆ. ಲೋಟ ಇಡಲಿಕ್ಕೆ ಒಳಗೆ ಹೋದರೆ, ಯಾರ ಹತ್ತಿರವೋ ಫೋನಿನಲ್ಲಿ ಅಳ್ತಾ ಇದ್ದಳು... 'ಭವ್ಯ ಬಂದಿದ್ದಾಳೆ, ನೀರು ಸಹ ಮುಟ್ಟಲಿಲ್ಲ. ನಮ್ಮನ್ನು ಯಾರು ಮನುಷ್ಯರೆಂದು ಲೆಕ್ಕ ಹಾಕ್ತಾರೆ?' ಅಂತ. ಖಾಲಿ ಲೋಟ ನನ್ನ ಕೈಯಲ್ಲೇ ಉಂಟು!"

ಜಿತೇಶನ ಕೈಯ ಸ್ಪ್ಯಾನರ್ ನಿಂತಿತು.

ಅದೇ ಮಾತು, ಅದೇ ಅಳು. ಹೆಸರು ಮಾತ್ರ ಬೇರೆ! ಹಿಂದೆ ನಾದಿನಿ, ನೆರೆಮನೆಯವರು, ಅಂಗನವಾಡಿ ಟೀಚರ್... ಲೋಕವೆಲ್ಲ ತನಗೆ ಅನ್ಯಾಯ ಮಾಡುತ್ತದೆಂದು ಅಕ್ಕ ನಿಜವಾಗಿಯೂ ನಂಬಿದ್ದಳು. ಪ್ರತಿ ಸಲವೂ ಭವ್ಯಶ್ರೀ ಹೌದು ಹೌದು ಎಂದು ಅವಳ ಕಣ್ಣೊರೆಸಿದ್ದಳು.

'ನನ್ನ ಹೆಸರು ಬಂದ ಮೇಲಲ್ಲವಾ ನನಗೆ ಕಿವಿ ಕೇಳಿಸಿದ್ದು? ಛೀ!'

"ನಾನು ಎರಡು ಲೋಟ ಕುಡಿದಿದ್ದೆ ಭವ್ಯಾ," ಜಿತೇಶ್ ಮೆಲ್ಲಗೆ ಹೇಳಿದ. "ಎರಡನೆಯದು ಅಕ್ಕನೇ ಒತ್ತಾಯ ಮಾಡಿ ಕೊಟ್ಟದ್ದು."

"ನಿಮಗೆ ಮುಖ ತೋರಿಸಲಿಕ್ಕೆ ನಾಚಿಕೆ ಆಗ್ತದೆ..."

"ಅಕ್ಕ ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ. ನೀನು ಒಂದು ಮಾತು ನನ್ನನ್ನು ಕೇಳಲಿಲ್ಲ ಅಲ್ವಾ, ಅದಕ್ಕೆ."

ಅವಳು ತಲೆ ತಗ್ಗಿಸಿ ಹೊರಟಳು.

"ನಿಲ್ಲು ಮಾರಾಯ್ತಿ! ಬ್ಯಾಗಿನಲ್ಲಿ ನೀರು ಉಂಟಾ?"

ಅವಳು ಬಾಟಲಿ ಕೊಟ್ಟಳು. ಗ್ರೀಸ್ ಮೆತ್ತಿದ ಕೈಯಲ್ಲೇ ಹಿಡಿದು ಅವನು ಪೂರ್ತಿ ಕುಡಿದ.

"ನೋಡಿದಿ ಅಲ್ವಾ? ಇನ್ನಾದರೂ ನನ್ನನ್ನು ಕೇಳ್ತೀಯಾ?"

"ಈಗಲೇ ಕೇಳ್ತೇನೆ..." ಅವಳು ಅಳುತ್ತಲೇ ಅಂದಳು. "ನನ್ನನ್ನು ಮದುವೆ ಆಗ್ತೀರಾ?"

"ಆಗ್ತೇನೆ. ಕುಶಲಕ್ಕನನ್ನು ಕರೆಯಲಿಕ್ಕೆ ಈ ಸಲ ಇಬ್ಬರೂ ಹೋಗುವ."

"ಬೆಲ್ಲ ನೀರು ಕೊಟ್ಟರೆ?"

"ಎಷ್ಟು ಲೋಟ ಕೊಟ್ಟರೂ ಕುಡಿಯುವ!"