ಬ್ರೇಕರ್‌ಗೆ ಹೊದಿಸಿದ ಕಂಬಳಿ

ಮೂವತ್ತಾರು ಗಂಟೆ. ಅಷ್ಟರೊಳಗೆ ಸರಿ-ಕಾಪ್ಕಾ ಜಲವಿದ್ಯುತ್ ಕೇಂದ್ರದ ಬ್ರೇಕರ್‌ಗೆ, ಅಂದರೆ ಕರೆಂಟಿನ ದೊಡ್ಡ ಸ್ವಿಚ್ಚಿಗೆ, ಗ್ಯಾಸ್ ತುಂಬಿ ಕರೆಂಟು ಬಿಡಬೇಕು. ಇಲ್ಲದಿದ್ದರೆ ಜಿಲ್ದುಸ್ ಪಟ್ಟಣದ ಬಿಸಿನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುತ್ತವೆ. ಮನೆಗಳನ್ನು ಬೆಚ್ಚಗಿಡುವ ಆ ನೀರನ್ನು ತಳ್ಳುವ ಪಂಪುಗಳು ಈಗ ಡೀಸೆಲ್ ಮೇಲೆ ಓಡುತ್ತಿದ್ದವು, ಮತ್ತು ಡೀಸೆಲ್ ನಾಳೆ ರಾತ್ರಿ ಎಂಟರವರೆಗೆ ಮಾತ್ರ ಇತ್ತು. ಹೊರಗೆ ಮೈನಸ್ ಮೂವತ್ತು. ಕೊಳವೆ ಒಡೆದರೆ ಆರು ಸಾವಿರ ಜನ ಮನೆ ಬಿಟ್ಟು ಹೊರಡಬೇಕು.

ಕೇಂದ್ರದಿಂದ ರೇಡಿಯೋದಲ್ಲಿ ಬಂದದ್ದು ಮೂರೇ ಮಾತು. "ಗ್ಯಾಸ್ ಇಳೀತಾ ಇದೆ. ಬ್ರೇಕರ್ ಲಾಕ್ ಆಗಿದೆ. ಸಿಲಿಂಡರ್ ತನ್ನಿ." ಆಮೇಲೆ ರೇಡಿಯೋ ಸತ್ತಿತು. ಹಿಮಪಾತದಿಂದ ರಸ್ತೆ ಮುಚ್ಚಿತ್ತು. ಗಾಳಿಗೆ ಹೆಲಿಕಾಪ್ಟರ್ ಏಳುವಂತಿರಲಿಲ್ಲ. ಉಳಿದದ್ದು ಕುರಿಗಾಹಿಗಳ ಹಳೆಯ ದಾರಿ, ಕೋಕ್-ಬೆಲ್ ಘಾಟಿ.

ಹೊರಟವರು ಮೂವರು. ಎಂಜಿನಿಯರ್ ನಜಿಪಾ ಹದಿಮೂರು ವರ್ಷದ ಹಿಂದೆ ಅದೇ ಬ್ರೇಕರನ್ನು ತಾನೇ ನಿಂತು ಕೂರಿಸಿದವಳು. ಫಿಟ್ಟರ್ ಶಾರ್ಶೆನ್‌ಗೆ ಅರವತ್ತೊಂದು, ಬಾಯಿಗೆ ಮಾತ್ರ ಇನ್ನೂ ವಯಸ್ಸಾಗಿರಲಿಲ್ಲ. ದಾರಿ ಬಲ್ಲ ಕುದುರೆಗಾಹಿ ಮಾಮಿರ್ ತನ್ನ ಬೂದು ಹೆಣ್ಣುಕುದುರೆಗೆ ಜಾರುಬಂಡಿ ಕಟ್ಟಿದ್ದ. ಬಂಡಿಯ ಮೇಲೆ ನೂರು ಕಿಲೋ ತೂಕದ ಸಿಲಿಂಡರ್. ಪಟ್ಟಣದಲ್ಲಿದ್ದದ್ದು ಅದೊಂದೇ.

ಮೊದಲೇ ಬೇರೆ ಕಡೆ ಹೋಗಿರು ಎಂದರೂ ನಜಿಪಾಳ ತಾಯಿ ಬಾತ್ಮಾ ನಾಲ್ಕನೇ ಮಹಡಿಯಿಂದ ಇಳಿಯಲು ಒಪ್ಪಿರಲಿಲ್ಲ.

"ನೀನು ಕೂರ್ಸಿದ ಯಂತ್ರ, ನೀನೇ ಸರಿ ಮಾಡು. ನಾನು ಇಲ್ಲಿಂದ ಒಂದು ಹೆಜ್ಜೆ ಕದಲಲ್ಲ" ಎಂದು ತನ್ನ ಮುಖದ ಮೇಲೆ ಅಂಗೈ ಸವರಿ, ಹರಸಿ ಕಳಿಸಿದ್ದಳು. ಆ ಮುದುಕಿಯ ಹಟ ಮಗಳಿಗೆ ಗೊತ್ತಿತ್ತು, ಆದ್ದರಿಂದಲೇ ಅವಳಿಗೆ ಭಯವಾಗಿತ್ತು.

ಕೋಕ್-ಬೆಲ್‌ನ ಏರು ಮೊದಲು ಜುನಿಪರ್ ಪೊದೆಗಳ ನಡುವೆ ಸುಮ್ಮನೆ ಹತ್ತುತ್ತದೆ, ಆಮೇಲೆ ಪೊದೆಗಳೂ ನಿಲ್ಲುತ್ತವೆ. ಬಂಡೆ, ಹಿಮ, ನೀಲಿ ಆಕಾಶ, ಇಷ್ಟೇ. ಗಾಳಿ ಹಿಮವನ್ನು ತರಿತರಿಯಾಗಿ ಎಬ್ಬಿಸಿ ಕೆನ್ನೆಗೆ ಹೊಡೆಯುತ್ತಿತ್ತು. ಕುದುರೆಯ ಮೀಸೆಯೆಲ್ಲ ಬೆಳ್ಳಗಾಗಿತ್ತು. ಬೆವರು ಆರದಂತೆ ಮಾಮಿರ್ ನಿಂತಲ್ಲೆಲ್ಲ ಅದಕ್ಕೆ ಉಣ್ಣೆಯ ದಪ್ಪ ಕಂಬಳಿ ಹೊದಿಸುತ್ತಿದ್ದ.

ಶಾರ್ಶೆನ್ ದಾರಿಯುದ್ದಕ್ಕೂ ಕೆಣಕುತ್ತಲೇ ಇದ್ದ.

"ಬ್ರೇಕರನ್ನ ಡಬ್ಬಿಯೊಳಗೆ ಹಾಕಿ ಮುಚ್ಚಿಟ್ರೆ ಏನ್ ಕಾಣ್ಸತ್ತೆ, ಹೇಳು ಮಗಳೇ? ನಮ್ಮ ಕಾಲದ ಎಣ್ಣೆ ಬ್ರೇಕರ್ ಆಗಿದ್ರೆ ಮೂಸಿ ನೋಡಿ ರೋಗ ಹೇಳ್ತಿದ್ದೆ."

"ಆ ಇಕ್ಕಟ್ಟು ಕಮರಿಯಲ್ಲಿ ನಿಮ್ಮ ಎಣ್ಣೆ ಬ್ರೇಕರ್ ಎಲ್ಲಿ ಇಡ್ತಿದ್ರಿ ಬಾಯ್ಕೆ? ತಲೆ ಮೇಲಾ?" ಎಂದಳು ನಜಿಪಾ. ಅಲ್ಲಿಯವರ ಮಾತಿನಲ್ಲಿ ಅಣ್ಣನಿಗೆ ಬಾಯ್ಕೆ, ಅಕ್ಕನಿಗೆ ಎಜೆ.

ಅವಳು ಹೇಳಿದ್ದು ನಿಜವೇ. ಬಯಲಲ್ಲಿ ಹರಡುವ ಸ್ವಿಚ್ಚುಗಳನ್ನೆಲ್ಲ ಅಲ್ಲಿ ದಪ್ಪ ಲೋಹದ ಕೊಳವೆಗಳೊಳಗೆ ಅಡಕ ಮಾಡಿ, ಒಂದು ಹಾಲ್‌ನಲ್ಲಿ ಇಟ್ಟಿದ್ದರು. ಕೊಳವೆಯಲ್ಲಿ ಒತ್ತಿ ತುಂಬಿದ ಭಾರದ ಗ್ಯಾಸ್ ಕಿಡಿ ಹಾರದಂತೆ ತಡೆಯುತ್ತದೆ. ಅದು ಕಡಿಮೆಯಾದರೆ ಬ್ರೇಕರ್ ತಾನೇ ಬೀಗ ಹಾಕಿಕೊಳ್ಳುತ್ತದೆ, ಆಮೇಲೆ ಯಾರು ಗುಂಡಿ ಒತ್ತಿದರೂ ಜಪ್ಪಯ್ಯ ಎನ್ನುವುದಿಲ್ಲ.

ಘಾಟಿಯ ನೆತ್ತಿಯಲ್ಲಿ ಶಾರ್ಶೆನ್ ಸಿಗರೇಟು ತುಟಿಗಿಟ್ಟು ಲೈಟರ್ ಒತ್ತಿದ. ಮತ್ತೆ ಒತ್ತಿದ. ಹೊತ್ತಲಿಲ್ಲ.

"ನಿನ್ನೆ ತಗೊಂಡಿದ್ದು, ಇವತ್ತೇ ಖಾಲಿ! ಕಳ್ಳ ನನ್ಮಗ ಅಂಗಡಿಯವ್ನು!"

"ಖಾಲಿ ಎಲ್ಲಿ ಆಗಿದೆ ಬಾಯ್ಕೆ? ಚಳಿಗೆ ಮುದುಡ್ಕೊಂಡಿದೆ, ಕೊಡಿ ಇಲ್ಲಿ" ಎಂದು ಮಾಮಿರ್ ಲೈಟರನ್ನು ಕೋಟಿನೊಳಗೆ, ಕಂಕುಳಲ್ಲಿ ಇಟ್ಟುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಕೊಟ್ಟಾಗ ಅದು ಒಂದೇ ಸಲಕ್ಕೆ ಹೊತ್ತಿತು. ಶಾರ್ಶೆನ್ ಒಂದು ದಮ್ಮೆಳೆದು ಮುಖ ಸೊಟ್ಟಗೆ ಮಾಡಿದ.

"ಕುದುರೆ ವಾಸ್ನೆ ಬರ್ತಿದೆಯಲ್ಲೋ!"

ನಜಿಪಾ ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

ಇಳಿಜಾರಿನಲ್ಲಿ ನಗು ಮುಗಿಯಿತು. ಹಿಮದ ಕೆಳಗೆ ಗಾಜಿನಂಥ ಮಂಜುಗಡ್ಡೆ. ಬಂಡಿ ಅಡ್ಡಡ್ಡ ತಿರುಗಿತು.

"ಹಿಡೀರಿ! ಹಿಂದಿನ ಹಗ್ಗ ಹಿಡೀರಿ!" ಮಾಮಿರ್ ಕುದುರೆಯ ಪಕ್ಕದಿಂದ ಕೂಗಿದ.

ಶಾರ್ಶೆನ್ ಹಗ್ಗ ಹಿಡಿದ. ಬಂಡಿ ಅವನನ್ನೇ ಎಳೆಯಿತು. ಹಗ್ಗ ಕಾಲಿಗೆ ಸುತ್ತಿಕೊಂಡು ಅವನು ದೊಪ್ಪನೆ ಬಿದ್ದ. ಮುಂದೆ ಕುದುರೆ ಹಿಂಗಾಲ ಮೇಲೆ ಕುಸಿದು ಕೂತು ಕೆನೆಯಿತು. ಅಂಚಿನಾಚೆ ಪ್ರಪಾತ.

ನಜಿಪಾ ಚಾಕು ತೆಗೆದಳು.

"ಬೇಡ!" ಶಾರ್ಶೆನ್ ಕೂಗಿದ. "ಇರೋದೊಂದೇ ಸಿಲಿಂಡರ್! ಊರು ನೋಡು, ನನ್ನ ನೋಡ್ಬೇಡ!"

"ಎಜೆ, ಕುಯ್ರಿ! ಕುದುರೆ ತಡೆಯಲ್ಲ!" ಮಾಮಿರ್ ಕಡಿವಾಣಕ್ಕೆ ಜೋತುಬಿದ್ದಿದ್ದ.

ಅವಳು ಮುಂದಿನ ಹಗ್ಗ ಕುಯ್ದಳು. ಹಾರಿ ಹಿಂದಿನದನ್ನೂ ಕುಯ್ದಳು. ಬಂಡಿ ಅಂಚು ದಾಟಿ ಹೋಯಿತು. ಕೆಳಗೆ ಲೋಹ ಬಂಡೆಗೆ ಬಡಿದ ಸದ್ದು ಎರಡು ಸಲ ಕೇಳಿಸಿತು, ಆಮೇಲೆ ಏನೂ ಇಲ್ಲ.

ಶಾರ್ಶೆನ್ ಹಿಮದಲ್ಲಿ ಕೂತೇ ಇದ್ದ. "ಒಂದೇ ಒಂದಿತ್ತಲ್ಲ ಮಗಳೇ."

"ನೀವೂ ಒಬ್ರೇ ಇರೋದು ಬಾಯ್ಕೆ. ಏಳಿ."

ಹಾಗೆ ಹೇಳಿ ಅವಳು ಚಾಕು ಮಡಚಿದಳು. ತಾಯಿ ಕೂತ ನಾಲ್ಕನೇ ಮಹಡಿಯ ಕಿಟಕಿ ಕಣ್ಣ ಮುಂದೆ ಬಂತು. ಹಿಂದೆ ಹೋದರೆ ಬೇರೆ ಸಿಲಿಂಡರ್ ಇಲ್ಲ. ಮುಂದೆ ಹೋದರೆ ಸೋರುವ ಜಾಗವನ್ನಾದರೂ ಹುಡುಕಬಹುದು. ಅವರು ಮುಂದೆ ನಡೆದರು, ಆ ರಾತ್ರಿ ಕುರಿಗಾಹಿಗಳ ಖಾಲಿ ಗುಡಿಸಲಲ್ಲಿ ಕಾಲು ಚಾಚಿದರು.

ಮರುದಿನ ಹನ್ನೊಂದಕ್ಕೆ ಸರಿ-ಕಾಪ್ಕಾ ತಲುಪಿದಾಗ ಆಪರೇಟರ್ ಎಸೆನ್‌ಕುಲ್ ರೊಟ್ಟಿ ಹಿಡಿದು ಎದುರು ಬಂದ.

"ಮೊದ್ಲು ರೊಟ್ಟಿ ಮುರೀರಿ. ಸಿಲಿಂಡರ್ ಎಲ್ಲಿ?"

"ಪ್ರಪಾತದಲ್ಲಿ" ಎಂದ ಶಾರ್ಶೆನ್, ರೊಟ್ಟಿಯ ಚೂರು ಬಾಯಿಗಿಟ್ಟು. ಎಸೆನ್‌ಕುಲ್ ಉಳಿದ ರೊಟ್ಟಿಯನ್ನು ಎದೆಗೊತ್ತಿಕೊಂಡು ನಿಂತ.

ನಜಿಪಾ ಹಾಲ್ ಕಡೆ ನೋಡಿದಳು. ದೊಡ್ಡ ಬಾಗಿಲು ಹಾರುಹೊಡೆದಿತ್ತು. ಕಿಟಕಿಗಳೂ ತೆರೆದಿದ್ದವು. ಒಳಗೆ ನೆಲದ ಮೇಲೆ ಹಿಮ ಗೆರೆಗೆರೆಯಾಗಿ ಕೂತಿತ್ತು.

"ಇದೇನು?"

"ಹಿಮಪಾತದ ಗಾಳಿಗೆ ಒಂದು ಕಿಟಕಿ ಒಡೀತು ಎಜೆ. ಅದೇ ಹೊತ್ತಿಗೆ ಲೈನ್ ಟ್ರಿಪ್ ಆಯ್ತು, ಯಂತ್ರ ನಿಲ್ತು, ಹೀಟರ್‌ಗಳೂ ಹೋದ್ವು. ಚಿಕ್ಕ ಜನರೇಟರ್ ದೀಪಕ್ಕಷ್ಟೇ ಸಾಕು. ಬೆಳಗ್ಗೆ ಗ್ಯಾಸಿನ ಮುಳ್ಳು ಸ್ವಲ್ಪ ಇಳಿದಿತ್ತು. ಸೋರ್ತಿದೆ ಅಂದ್ಕೊಂಡು, ರೂಲ್ ಪ್ರಕಾರ ಬಾಗ್ಲು ಕಿಟಕಿ ಎಲ್ಲ ತೆಗ್ದು ಹೊರಗೆ ಬಂದೆ. ಎರಡು ದಿನದಿಂದ ಒಳಗೆ ಕಾಲಿಟ್ಟಿಲ್ಲ. ಕಂಟ್ರೋಲ್ ರೂಮಿನ ಮುಳ್ಳು ನೋಡಿದ್ರೆ, ತೆಗ್ದಷ್ಟೂ ಇಳೀತಾನೇ ಇದೆ!"

ಬಾಗಿಲ ಮೇಲೆ ಆ ರೂಲ್ ಅಂಟಿಸಿತ್ತು. ಸೋರಿದ ಗ್ಯಾಸ್ ನೆಲಕ್ಕೆ ಕೂತು ಉಸಿರು ಕಟ್ಟಿಸುತ್ತದೆ, ಕೂಡಲೇ ಬಾಗಿಲು ತೆರೆದು ಹೊರಗೆ ಹೋಗಿ. ಕೆಳಗೆ ನಜಿಪಾಳದೇ ಸಹಿ.

ಅವಳು ಗಾಳಿಯ ಮುಖವಾಡ ಕಟ್ಟಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿಸಿ, ಸೋರಿಕೆ ಹಿಡಿಯುವ ಪುಟ್ಟ ಯಂತ್ರವನ್ನು ಒಂದೊಂದು ಬೆಸುಗೆಗೂ, ನೆಲದ ಕಾಲುವೆಗೂ ಒಡ್ಡಿದಳು. ಅದು ಒಂದು ಸಲವೂ ಕಿರುಚಲಿಲ್ಲ. ಗೋಡೆಯ ಥರ್ಮಾಮೀಟರ್ ಮೈನಸ್ ಮೂವತ್ತೈದು ತೋರಿಸುತ್ತಿತ್ತು. ಹದಿಮೂರು ವರ್ಷದಲ್ಲಿ ಆ ಹಾಲ್ ಸೊನ್ನೆಗಿಂತ ಕೆಳಗೆ ಇಳಿದದ್ದೇ ಇರಲಿಲ್ಲ.

ಅವಳು ಮುಖವಾಡ ಕಿತ್ತು ಹೊರಗೆ ಓಡಿಬಂದಳು.

"ಬಾಯ್ಕೆ, ನಿಮ್ಮ ಲೈಟರ್!"

"ಈಗ ಸಿಗರೇಟಾ?"

"ಖಾಲಿ ಆಗಿರ್ಲಿಲ್ಲ ಅಲ್ವಾ ಅದು? ಇದೂ ಹಂಗೇ! ಗ್ಯಾಸ್ ಎಲ್ಲೂ ಹೋಗಿಲ್ಲ. ಚಳಿಗೆ ನೀರಾಗಿ ಕೊಳವೆ ತಳದಲ್ಲಿ ಕೂತಿದೆ. ಸಿಲಿಂಡರ್ ಬೇಡ, ಬಿಸಿ ಬೇಕು!"

ಎಸೆನ್‌ಕುಲ್ ತಲೆ ಹಿಡಿದುಕೊಂಡ. "ಅಂದ್ರೆ ಚಳಿನ ಕೈಹಿಡಿದು ಒಳಗೆ ಕರ್ಕೊಂಡು ಬಂದೋನು ನಾನೇನಾ?"

"ಆ ರೂಲ್ ಬರೆದೋಳು ನಾನು. ಬೈಗುಳ ಆಮೇಲೆ ಹಂಚ್ಕೊಳ್ಳೋಣ. ಕಂಬಳಿ ಎಷ್ಟಿವೆ?"

ಬೇಸಿಗೆಯಲ್ಲಿ ಕಟ್ಟುವ ಡೇರೆಯ ಉಣ್ಣೆ ಕಂಬಳಿಗಳು ಉಗ್ರಾಣದಲ್ಲಿ ಸುತ್ತಿಟ್ಟಿದ್ದವು. ಒಡೆದ ಕಿಟಕಿಗೆ ಎರಡನ್ನು ಜಡಿದರು. ಹಾಲ್‌ನೊಳಗೆ ಬೆಂಕಿ ತರಲು ನಜಿಪಾ ಬಿಡಲಿಲ್ಲ. ಆಗ ಮಾಮಿರ್ ಅಂಗಳದಲ್ಲಿ ದೊಡ್ಡ ಬೆಂಕಿ ಮಾಡಿದ.

"ಕಲ್ಲು ಕಾಯ್ಸೋಣ. ಹೊಳೆ ಕಲ್ಲು ಮುಟ್ಬೇಡಿ, ಸಿಡಿಯುತ್ತೆ. ಗುಡ್ಡದ ಒಣಕಲ್ಲು ತನ್ನಿ."

ಕಾದ ಕಲ್ಲುಗಳನ್ನು ಕಬ್ಬಿಣದ ಬಕೆಟ್ಟಿನಲ್ಲಿ ತಂದು ಬ್ರೇಕರಿನ ಮೂರು ಕೊಳವೆಗಳ ಕೆಳಗೆ ಸಾಲಾಗಿ ಇಟ್ಟರು. ಮೇಲಿಂದ ನೆಲದವರೆಗೆ ಕಂಬಳಿ ಇಳಿಬಿಟ್ಟರು. ಒಂದು ಕಂಬಳಿ ಸಾಲದೆ ಬಂದಾಗ ಮಾಮಿರ್ ಕುದುರೆಯನ್ನು ಲಾಯಕ್ಕೆ ಕಟ್ಟಿ ಅದರದ್ದನ್ನೂ ತಂದ.

ಒಂದು ಗಂಟೆಯಾಯಿತು. ಮುಳ್ಳು ಕೆಂಪಿನಲ್ಲೇ ಇತ್ತು.

ಎರಡು ಗಂಟೆ. ಕಲ್ಲು ಆರಿದಂತೆಲ್ಲ ಬದಲಿಸಿದರು. ಶಾರ್ಶೆನ್ ಕುಂಟುತ್ತಲೇ ಬಕೆಟ್ ಹೊತ್ತ. ಕೂರಿ ಎಂದವರಿಗೆಲ್ಲ ಬೈದ.

ಮೂರೂವರೆಗೆ ಎಸೆನ್‌ಕುಲ್ ಕಿರುಚಿದ. "ಅಲ್ಲಾಡ್ತು! ಮುಳ್ಳು ಅಲ್ಲಾಡ್ತು!"

ಮುಳ್ಳು ಕೆಂಪು ಬಿಟ್ಟು ಹಳದಿಗೆ ಬಂತು, ಅಲ್ಲೇ ತುಸು ತಡೆಯಿತು, ಹಸಿರಿಗೆ ಏರಿತು. ಶಾರ್ಶೆನ್ ಮಾಪಕಕ್ಕೆ ಮೂಗು ತಾಗಿಸಿ ನಿಂತಿದ್ದ.

"ಡಬ್ಬಿಯೊಳಗಿನ ಜೀವ ಕಣ್ರಪ್ಪ ಇದು" ಎಂದ ಮೆಲ್ಲಗೆ.

ಐದಕ್ಕೆ ಯಂತ್ರ ಓಡಿಸಿ, ಎಸೆನ್‌ಕುಲ್ ಗುಂಡಿ ಒತ್ತಿದ. ಢಣ್! ಕಂಬಳಿಗಳು ಒಮ್ಮೆ ನಡುಗಿದವು. ಮೀಟರಿನ ಮುಳ್ಳು ಎದ್ದು ನಿಂತಿತು. ಕೆಳಗೆ ಪಟ್ಟಣ ಕರೆಂಟು ಎಳೆದುಕೊಳ್ಳುತ್ತಿತ್ತು. ಡೀಸೆಲ್ ಮುಗಿಯಲು ಇನ್ನೂ ಮೂರು ಗಂಟೆ ಇತ್ತು. ನಜಿಪಾ ಆರಿದ ಕಲ್ಲಿನ ಬಕೆಟ್ ಮೇಲೆ ಕೂತು ಅತ್ತಳು, ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಹೊರಡುವ ಮುಂಚೆ ಅವಳು ಬಾಗಿಲ ಮೇಲಿನ ರೂಲ್‌ನ ಕೆಳಗೆ ಪೆನ್ಸಿಲ್ಲಿನಿಂದ ಒಂದು ಸಾಲು ಸೇರಿಸಿದಳು. ಗ್ಯಾಸ್ ಇಳಿದರೆ ಥರ್ಮಾಮೀಟರನ್ನೂ ನೋಡಿ.

ಕೋಕ್-ಬೆಲ್ ಮರಳಿ ದಾಟಲು ಇನ್ನೆರಡು ದಿನ ಹಿಡಿಯಿತು. ಸಿಲಿಂಡರ್ ಬಿದ್ದ ಕಡೆ ಶಾರ್ಶೆನ್ ಕೆಳಗೆ ಬಗ್ಗಿ ನೋಡಿ, "ಬೇಸಿಗೇಲಿ ಬರ್ತೀನಿ, ಅಲ್ಲೇ ಇರು" ಎಂದ. ನೆತ್ತಿ ಇಳಿದಾಗ ಜಿಲ್ದುಸ್‌ನ ಬಿಸಿನೀರು ಕಾಯಿಸುವ ಬಾಯ್ಲರಿನ ಹೊಗೆ ನೆಟ್ಟಗೆ ಏಳುತ್ತಿರುವುದು ಕಾಣಿಸಿತು.

ನಾಲ್ಕು ಮಹಡಿ ಹತ್ತುವಷ್ಟರಲ್ಲಿ ನಜಿಪಾಳ ಕಾಲು ಬಿದ್ದೇಹೋಗಿತ್ತು. ಬಾಗಿಲು ತೆಗೆದರೆ ಮನೆ ಬೆಚ್ಚಗಿತ್ತು. ಬಾತ್ಮಾ ತೆಳು ಅಂಗಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳು, ಕಿಟಕಿ ಅಗಲಕ್ಕೆ ತೆರೆದಿತ್ತು.

"ಏನೇ ಇದು, ಇಷ್ಟೊಂದು ಬಿಸಿ ಬಿಟ್ಟಿದ್ದೀಯ? ಬೇಯ್ತಾ ಇದ್ದೀನಿ ನಾನು" ಎಂದಳು.

ನಜಿಪಾ ತಾಯಿಯನ್ನೊಮ್ಮೆ ನೋಡಿದಳು, ಕಿಟಕಿಯನ್ನೊಮ್ಮೆ ನೋಡಿದಳು. ನಗು ತಡೆಯಲಾಗದೆ ಗೋಡೆಗೆ ಒರಗಿದಳು. ಆಮೇಲೆ ಹೋಗಿ ಕಿಟಕಿ ಮುಚ್ಚಿದಳು.