ಸೊನ್ನೆಯಾಗುವವರೆಗೆ

"ಕೈ ತೆಗೀರಿ!"

ಮೂಕಾಂಬಿಕಾ ಕೂಗುವಷ್ಟರಲ್ಲಿ ಗಣೇಶಮೂರ್ತಿ ಕೀಲಿ ಒತ್ತಿಯಾಗಿತ್ತು. ಸಾಗರದ ಅಡಿಕೆ ಸಂಘದ ಮೂರೂ ಪರದೆಗಳು ಒಟ್ಟಿಗೇ ಕಲ್ಲಾದವು. ಬೆಳಗಿನ ಹರಾಜಿನ ದರಗಳೆಲ್ಲ ಮಾಯ...

1989ರ ಮಾತು. ಸಂಘದ ಹೊಸ ಕಂಪ್ಯೂಟರಿನ ಕರ್ನಲ್, ಅಂದರೆ ಒಳಗಿನ ಮೂಲ ಪ್ರೋಗ್ರಾಂ ತಿದ್ದಿ ಬರೆದವಳು ಅರಳಸುರಳಿಯ ಈ ಹುಡುಗಿ. ಕಂಪ್ಯೂಟರ್ ನಡೆಸುವವನು ಗಣೇಶಮೂರ್ತಿ.

ಯಂತ್ರದ ನೆನಪಿನ ಜಾಗ ಚಿಕ್ಕದು. ಪ್ರಿಂಟ್ ಮಾಡುವ ಮಾಡ್ಯೂಲನ್ನು, ಅಂದರೆ ಪ್ರೋಗ್ರಾಂನ ಆ ತುಂಡನ್ನು, ಬೇಕಾದಾಗ ತುಂಬಿ, ಮುಗಿದ ಮೇಲೆ ತೆಗೆಯಬೇಕು. ಯಾರಾದರೂ ಬಳಸುತ್ತಿರುವಾಗ ತೆಗೆದರೆ ಯಂತ್ರವೇ ಮೂರ್ಛೆ! ಹಾಗಾಗಿ ಮೊದಲು ಕೂಗಿ ಕೇಳುವುದು ಕ್ರಮ. ಗಣೇಶಮೂರ್ತಿ ಕೇಳಿಯೂ ಇದ್ದ. ಆದರೆ ಪ್ರಿಂಟ್ ತೆಗೆಯುತ್ತಿದ್ದ ಗುಮಾಸ್ತ ಮಂಜಯ್ಯನವರ ಬಾಯಿ ತುಂಬ ಎಲೆಯಡಿಕೆ. ಉಗಿದು ಬಂದು ಉತ್ತರಿಸೋಣವೆಂದು ಅವರು ಬಾಗಿಲು ತಲುಪುವಷ್ಟರಲ್ಲಿ, ಈತ ಆ ಮೌನವನ್ನೇ 'ಯಾರೂ ಇಲ್ಲ' ಎಂದುಕೊಂಡ.

ನಾಳೆಯೊಳಗೆ ಸರಿಯಾಗದಿದ್ದರೆ ಯಂತ್ರವೂ ವಾಪಸ್, ಯಂತ್ರದವಳೂ ವಾಪಸ್ ಎಂದರು ಅಧ್ಯಕ್ಷ ಮುಕುಂದಯ್ಯ.

"ತಪ್ಪು ನಂದು ಸಾರ್," ಎಂದ ಗಣೇಶಮೂರ್ತಿ. "ಮೇಡಂ ಪ್ರೋಗ್ರಾಂ ಸರಿಯಾಗೇ ಇದೆ."

ಅವಳ ಮುಖ ಕೆಂಪಾಯಿತು. ನನ್ನ ಕೆಲಸಕ್ಕೆ ಇವನ ಕರುಣೆಯೇ...?

"ನಿಮ್ಮ ಕರುಣೆ ಬೇಡ. ಕೂಗಿ ಕೇಳ್ಬೇಕಾದ ಪ್ರೋಗ್ರಾಂ ಎಂತ ಪ್ರೋಗ್ರಾಂ? ತಪ್ಪು ನಂದೇ. ಅದನ್ನೂ ನನ್ನಿಂದ ಕಸ್ಕೋಬೇಡಿ."

ಸಂಜೆಯವರೆಗೂ ಅವನತ್ತ ಕಣ್ಣೆತ್ತದೆ ಕೂತು ಬರೆದಳು. ಮಾಡ್ಯೂಲನ್ನು ಯಾರು ಹಿಡಿದುಕೊಂಡರೂ ಎಣಿಕೆ ಒಂದು ಏರಬೇಕು. ಬಿಟ್ಟಾಗ ಒಂದು ಇಳಿಯಬೇಕು. ಸೊನ್ನೆಯಾಗುವವರೆಗೆ ಅದನ್ನು ತೆಗೆಯಲು ಕರ್ನಲ್ ಯಾರಿಗೂ ಬಿಡಬಾರದು.

ಮರುದಿನ ಎಲ್ಲರೂ ಸುತ್ತ ನಿಂತಿದ್ದರು. ಮಂಜಯ್ಯನವರ ಪ್ರಿಂಟ್ ನಡೆಯುತ್ತಿತ್ತು, ಬಾಯಿ ಎಂದಿನಂತೆ ಭರ್ತಿ.

"ಈಗ ತೆಗೀರಿ," ಎಂದಳು ಗಣೇಶಮೂರ್ತಿಗೆ.

ಅವನು ಕೀಲಿ ಒತ್ತಿದ. ಬಳಕೆಯಲ್ಲಿದೆ, ತೆಗೆಯಲಾಗದು ಎಂದಿತು ಪರದೆ. ಮತ್ತೆ ಒತ್ತಿದ. ಅದೇ ಉತ್ತರ! ಪ್ರಿಂಟರ್ ಗರಗರ ಎನ್ನುತ್ತಲೇ ಇತ್ತು. ಮಂಜಯ್ಯನವರ ಕೆಲಸ ಮುಗಿದು ಎಣಿಕೆ ಸೊನ್ನೆಗಿಳಿದ ಮೇಲಷ್ಟೇ ಮಾಡ್ಯೂಲ್ ಸದ್ದಿಲ್ಲದೆ ಹೊರಬಂತು.

ಮುಕುಂದಯ್ಯ ಕುರ್ಚಿಯಿಂದ ಎದ್ದು ಅವಳಿಗೆ ಕೈಮುಗಿದರು. ಮೂಕಾಂಬಿಕಾ ತಲೆ ತಗ್ಗಿಸಲಿಲ್ಲ. ಏಕೆ ತಗ್ಗಿಸಬೇಕು?

ಎಲ್ಲರೂ ಊಟಕ್ಕೆ ಹೊರಟ ಮೇಲೆ ಗಣೇಶಮೂರ್ತಿ ಹತ್ತಿರ ಬಂದ.

"ನಿನ್ನೆದು ಕರುಣೆ ಅಲ್ಲ. ನೀವು ಹೋಗ್ಬಿಡ್ತೀರಿ ಅಂತ ಹೆದ್ರಿದ್ದೆ... ನಂಗೆ ನೀವು ಬೇಕು."

"ನನ್ನ ತಪ್ಪು ಹೊರೋರು ನಂಗೆ ಬೇಡ."

"ಮತ್ತೆ ಎಂತ ಮಾಡ್ಲಿ?"

"ನನ್ನ ಪ್ರೋಗ್ರಾಂನಲ್ಲಿ ಇನ್ನೆಲ್ಲಾದ್ರೂ ತಪ್ಪಿದ್ಯಾ, ಹುಡುಕಿ."

"ಸಿಗ್ದಿದ್ರೆ?"

"ಸಿಗೋದಿಲ್ಲ." ಅವಳು ಮೊದಲ ಬಾರಿಗೆ ನಕ್ಕಳು. "ಆದ್ರೂ ಪಕ್ಕದಲ್ಲೇ ಕೂತು ಹುಡುಕ್ತಾ ಇರಿ... ಜೀವನಪೂರ್ತಿ."